ಬಣ್ಣ ಇರಲಿ, ಥಿನ್ನರ್ ಬಾಟಲಿ ಬೇಡ



ಮಧ್ಯಾಹ್ನದ ಊಟ ಮುಗಿದು, ಮುಸುರೆ ತಿಕ್ಕಿಟ್ಟು, ಮಕ್ಕಳು ಶಾಲೆಯಿಂದ ಬರುವವರೆಗೆ ಸಿಗುವ ಆ ಎರಡು ತಾಸು ನಿಮ್ಮ ಸ್ವಂತದ್ದು. ಕೆಲವರು ಆಗ ಕಸೂತಿ ಹಾಕುತ್ತೀರಿ, ಕೆಲವರು ಕೌದಿ ಹೊಲಿಯುತ್ತೀರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಸೋದರಿಯರು ಈಚೆಗೆ ಇನ್ನೊಂದು ಹವ್ಯಾಸದ ಬಗ್ಗೆ ಬರೆಯುತ್ತಿದ್ದೀರಿ. ಅದು ಆಯಿಲ್ ಪೇಂಟಿಂಗ್, ಅಂದರೆ ತೈಲಚಿತ್ರ. ಕಾಲೇಜಿನಲ್ಲಿದ್ದಾಗ ಕಲಿತು, ಮದುವೆಯಾದ ಮೇಲೆ ಬಿಟ್ಟು, ಈಗ ಮತ್ತೆ ಕುಂಚ ಹಿಡಿಯಬೇಕೆನ್ನುವವರೇ ಇವರಲ್ಲಿ ಹೆಚ್ಚು.

ಆದರೆ ಹೆಚ್ಚಿನ ಪತ್ರಗಳ ಕೊನೆಗೆ ಒಂದೇ ಗೋಳು. ಅರ್ಧ ತಾಸು ಕೂತರೆ ತಲೆ ಸಿಡಿಯುತ್ತದೆ, ಕಣ್ಣು ಉರಿಯುತ್ತವೆ, ಕೈ ಚರ್ಮ ಒಡೆಯುತ್ತದೆ. ಮೇಲೆ ಅತ್ತೆಯವರ ಮಾತು ಬೇರೆ: “ಏನವ್ವಾ, ಮನಿ ತುಂಬ ಚಿಮಣಿ ಎಣ್ಣಿ ನಾತ! ಕೂಸಿಗೆ ಕೆಮ್ಮ ಹತ್ತೈತಿ. ಆ ಬಣ್ಣದ ಪೆಟಗಿ ಅಟ್ಟಕ್ಕ ಹಾಕು.” ಸೊಸೆ ಬಿಸಿಲಿನ ತಾಪವೆಂದೋ ಪಿತ್ತವೆಂದೋ ತಲೆನೋವಿಗೆ ಒಂದು ಹೆಸರಿಟ್ಟು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುತ್ತಾಳೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು!

ನಿಜ ಹೇಳಬೇಕೆಂದರೆ ಅತ್ತೆಯವರ ದೂರಿನಲ್ಲಿ ಅರ್ಧ ಸತ್ಯವಿದೆ. ಆ ನಾತ ಒಳ್ಳೆಯದಲ್ಲ. ಆದರೆ ಅದು ಬಣ್ಣದ ನಾತವಲ್ಲ. ಬಣ್ಣ ತೆಳು ಮಾಡಲು, ಕುಂಚ ತೊಳೆಯಲು ಪಕ್ಕಕ್ಕಿಟ್ಟುಕೊಂಡ ಬಾಟಲಿಯದು. ಆ ಬಾಟಲಿ ಇಲ್ಲದೆಯೂ ತೈಲಚಿತ್ರ ಬರೆಯಬಹುದು, ಚೆನ್ನಾಗಿಯೇ ಬರೆಯಬಹುದು. ಹೇಗೆಂದು ಈ ಸಲ ನೋಡೋಣ.

ಎಣ್ಣೆ ನಮ್ಮ ಹೊಲದ್ದೇ

ತೈಲವರ್ಣವೆಂದರೆ ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಅರೆದ ಮುದ್ದೆ. ಆ ಎಣ್ಣೆ ಯಾವುದು ಗೊತ್ತೇ? ಹೆಚ್ಚಾಗಿ ಅಗಸೆ ಎಣ್ಣೆ. ಬಿಳಿ ಮತ್ತು ತಿಳಿ ಬಣ್ಣಗಳಿಗೆ ಅನೇಕ ಸಲ ಕುಸುಬೆ ಎಣ್ಣೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಬಿಳಿಜೋಳದ ಅಂಚಿಗೆ ಮುಳ್ಳುಮುಳ್ಳಾಗಿ ನಿಂತಿರುತ್ತದಲ್ಲ, ಅದೇ ಕುಸುಬಿ! ಅಕ್ಕಡಿ ಸಾಲಿನಲ್ಲಿ ನೀಲಿ ಹೂ ಬಿಡುವ ಅದೇ ಅಗಸಿ! ಮೊದಲಿನಷ್ಟು ಇವು ಈಗ ಹೊಲಗಳಲ್ಲಿ ಕಾಣುವುದಿಲ್ಲ, ನಿಜ. ಆದರೂ ಕುಸುಬಿ ಹಾಲಿನ ಹುಗ್ಗಿ, ರೊಟ್ಟಿಯ ಜೊತೆ ಅಗಸಿ ಚಟ್ನಿ ಗೊತ್ತಿಲ್ಲದ ಮನೆ ನಮ್ಮ ಕಡೆ ಯಾವುದಿದೆ? ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ದೊಡ್ಡ ಊರಿನ ಅಂಗಡಿಯಿಂದ ತರಿಸುವ ಬಣ್ಣದ ಟ್ಯೂಬಿನೊಳಗೆ ಇರುವುದು ಇವೇ ಕಾಳುಗಳ ಎಣ್ಣೆ.

ನೀರಿನ ಬಣ್ಣ ಒಣಗುವುದೆಂದರೆ ನೀರು ಆವಿಯಾಗಿ ಹೋಗುವುದು. ಎಣ್ಣೆ ಹಾಗೆ ಆರಿಹೋಗುವುದಿಲ್ಲ. ಅಗಸೆ, ಕುಸುಬೆಯಂಥ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ತಾನೇ ಗಟ್ಟಿ ಪೊರೆಯಾಗುತ್ತದೆ. ಕುಸುಬೆ ಎಣ್ಣೆಯ ಡಬ್ಬಿಯ ಬಾಯಿ ಸುತ್ತ ತಿಕ್ಕಿದರೂ ಹೋಗದ ಅಂಟು ಕಟ್ಟಿರುತ್ತದೆ ನೋಡಿ, ಚಿತ್ರದ ಮೇಲೆ ಬಣ್ಣ ಗಟ್ಟಿಯಾಗುವುದೂ ಹಾಗೆಯೇ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆಗಳಿಗೆ ಈ ಗುಣವಿಲ್ಲ. ಅವನ್ನು ಬಣ್ಣಕ್ಕೆ ಬೆರೆಸಿದರೆ ವರ್ಷ ಕಳೆದರೂ ಚಿತ್ರ ಕೈಗೆ ಅಂಟುತ್ತಲೇ ಇರುತ್ತದೆ.

ಒಣಗುವ ಎಣ್ಣೆಯಲ್ಲಿ ಬಣ್ಣ ಕಲಸುವುದು ಬಹಳ ಹಳೆಯ ವಿದ್ಯೆ. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಿ 7ನೇ ಶತಮಾನದ ಸುಮಾರಿನ ಬೌದ್ಧ ಭಿತ್ತಿಚಿತ್ರಗಳಿವೆ. ಅವುಗಳಲ್ಲಿ ಕೆಲವಕ್ಕೆ ಇಂಥ ಎಣ್ಣೆ ಬಳಸಿದ್ದಾರೆಂದು ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ತೈಲಚಿತ್ರವೆಂದರೆ ಮೊದಲು ನೆನಪಾಗುವವರು ರಾಜಾ ರವಿವರ್ಮ (1848–1906). ಅವರ ಮೂಲಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೋಡಬಹುದು. ಅವರ ತಂಗಿ ಮಂಗಳಾಬಾಯಿಯವರೂ ತೈಲಚಿತ್ರ ಬರೆಯುತ್ತಿದ್ದರೆಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ನಮ್ಮ ಪಕ್ಕದ ಕಲಬುರಗಿಯವರೇ ಆದ ಎಸ್. ಎಂ. ಪಂಡಿತರು (1916–1993) ಬರೆದ ದೇವದೇವತೆಯರ ಚಿತ್ರಗಳು ಕ್ಯಾಲೆಂಡರಾಗಿ ಎಷ್ಟೋ ಮನೆಯ ಗೋಡೆ ಸೇರಿದವು. ಹೀಗಾಗಿ ಈ ಕಲೆ ನಮಗೆ ದೂರದ್ದೇನಲ್ಲ.

ಬಾಟಲಿಯೊಳಗೆ ಏನಿದೆ?

ಟರ್ಪಂಟೈನ್ ಎಂಬುದು ಪೈನ್ ಮರದ ಅಂಟಿನಿಂದ ಇಳಿಸಿದ ದ್ರವ. ಪೇಂಟಿನ ಅಂಗಡಿಯಲ್ಲಿ ಅದೇ ಹೆಸರಿನಲ್ಲಿ ಸಿಗುವುದು ಬಹುಮಟ್ಟಿಗೆ ಕಲ್ಲೆಣ್ಣೆಯಿಂದ ತೆಗೆದ ಮಿನರಲ್ ಟರ್ಪಂಟೈನ್. ಥಿನ್ನರ್ ಎಂದು ಮಾರುವುದರಲ್ಲಿ ಟೊಲ್ವಿನ್‌ನಂಥ ಇನ್ನೂ ಕಟುವಾದ ದ್ರವಗಳಿರುತ್ತವೆ. ಇವು ಯಾವುವೂ ಸಿಗದಿದ್ದರೆ ಚಿಮಣಿ ಎಣ್ಣೆ ಇದ್ದೇ ಇದೆ ಎನ್ನುತ್ತಾರೆ ಕೆಲವರು! ಚಿತ್ರ ಗಟ್ಟಿಯಾಗಲು ಇವುಗಳಲ್ಲಿ ಯಾವುದೂ ಬೇಕಿಲ್ಲ. ಬಣ್ಣ ತೆಳುವಾಗಿಸಿ, ಆಮೇಲೆ ಆವಿಯಾಗಿ ಮನೆಯ ಗಾಳಿಗೆ ಸೇರುವುದಷ್ಟೇ ಇವುಗಳ ಕೆಲಸ. ಆ ಗಾಳಿಯನ್ನೇ ನೀವೂ ನಿಮ್ಮ ಮಕ್ಕಳೂ ಉಸಿರಾಡಬೇಕು.

ಈ ಆವಿಯಿಂದ ತಲೆನೋವು, ತಲೆ ಸುತ್ತು, ಹೊಟ್ಟೆ ತೊಳಸು, ಕಣ್ಣು-ಗಂಟಲ ಉರಿ ಬರುತ್ತವೆ. ಉಬ್ಬಸ ಇದ್ದವರಿಗೆ ಅದು ಕೆರಳುತ್ತದೆ. ಕೈಗೆ ತಾಗಿದರೆ ಚರ್ಮದ ಸಹಜ ಜಿಡ್ಡನ್ನು ತೆಗೆದು ಬಿರುಕು ಬಿಡಿಸುತ್ತದೆ. ವರ್ಷಾನುಗಟ್ಟಲೆ ಇಂಥ ಆವಿಯಲ್ಲಿ ದುಡಿದ ಮನೆಗೆ ಬಣ್ಣ ಬಳಿಯುವವರಲ್ಲಿ ಮರೆವು, ದಣಿವು, ಸಿಡುಕು ಹೆಚ್ಚೆಂದು ಡೆನ್ಮಾರ್ಕ್, ಸ್ವೀಡನ್ ದೇಶಗಳ ವೈದ್ಯರು 1970ರ ದಶಕದಲ್ಲೇ ಗಮನಿಸಿದ್ದರು. ವಾರಕ್ಕೆರಡು ಸಲ ಕುಂಚ ಹಿಡಿಯುವವರಿಗೆ ಅಷ್ಟಾಗಲಿಕ್ಕಿಲ್ಲ ಎನ್ನಿ. ಆದರೆ ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಬಾಟಲಿ ತೆರೆದಿಟ್ಟು ಕೂತರೆ ಆ ದಿನದ ತಲೆನೋವಂತೂ ತಪ್ಪುವುದಿಲ್ಲ.

ಬೆಂಕಿಯ ಮಾತು ಬೇರೆಯೇ ಇದೆ. ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲೇ ಟರ್ಪಂಟೈನಿನಿಂದ ಏಳುವ ಆವಿ, ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ನಮ್ಮ ವಿಜಯಪುರ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನ ಉಷ್ಣತೆಯೇ 40 ದಾಟುತ್ತದಲ್ಲವೇ? ಆವಿ ಗಾಳಿಗಿಂತ ಭಾರ. ನೆಲದ ಮೇಲೇ ಹರಿದು ಒಲೆಯವರೆಗೆ, ದೇವರ ದೀಪದವರೆಗೆ ಹೋಗಬಹುದು.

ಇನ್ನು ಮಕ್ಕಳು. ನೀರಿನಂತೆ ತಿಳಿಯಾಗಿರುವ ಈ ದ್ರವವನ್ನು ಲೋಟದಲ್ಲೋ ಶರಬತ್ತಿನ ಹಳೆಯ ಬಾಟಲಿಯಲ್ಲೋ ಇಟ್ಟರೆ ಕೂಸು ಬಾಯಿಗಿಡುವುದು ಕ್ಷಣದ ಕೆಲಸ. ಅಕಸ್ಮಾತ್ ಹಾಗಾದರೆ ವಾಂತಿ ಮಾಡಿಸಲೇಬೇಡಿ. ವಾಂತಿಯಾಗುವಾಗ ಅದು ಪುಪ್ಪುಸಕ್ಕೆ ಇಳಿದರೆ ಅಪಾಯ ಹೆಚ್ಚು. ಉಪ್ಪುನೀರು, ಹಾಲು, ಎಣ್ಣೆ ಏನನ್ನೂ ಕುಡಿಸಬೇಡಿ. ಬಾಟಲಿಯನ್ನೂ ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಚಿಮಣಿ ಎಣ್ಣೆ ಕುಡಿದಾಗಲೂ ಇದೇ ಕ್ರಮ.

“ವಾಸನೆಯಿಲ್ಲದ ಥಿನ್ನರ್ ಸಿಗುತ್ತದಂತೆ, ಕಿತ್ತಳೆ ಸಿಪ್ಪೆಯದು ಸಿಗುತ್ತದಂತೆ, ಅದು ಆಗಬಹುದೇ?” ಎಂದು ಕೇಳುತ್ತೀರಿ. ವಾಸನೆ ತೆಗೆದರೂ ಆವಿ ಇದ್ದೇ ಇರುತ್ತದೆ. ಮೂಗಿಗೆ ಗೊತ್ತಾಗದ್ದರಿಂದ ಕಿಟಕಿ ತೆರೆಯುವುದೂ ಮರೆತುಹೋಗುತ್ತದೆ. ಕಿತ್ತಳೆ ಸಿಪ್ಪೆಯ ದ್ರವ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಗಿಡಮರದಿಂದ ಬಂದದ್ದೆಲ್ಲ ನಿರಪಾಯವಲ್ಲ. ಟರ್ಪಂಟೈನ್ ಕೂಡ ಮರದಿಂದಲೇ ಬಂದದ್ದು!

ಕೂಡಿಸಿಕೊಳ್ಳಬೇಕಾದ ಸಾಮಾನು

• ತೈಲವರ್ಣದ ಟ್ಯೂಬುಗಳು: ಟೈಟೇನಿಯಂ ಬಿಳಿ, ಹಳದಿ ಮಣ್ಣಿನ ಬಣ್ಣ (ಯೆಲ್ಲೋ ಓಕರ್), ಕೆಮ್ಮಣ್ಣಿನ ಬಣ್ಣ (ಬರ್ನ್ಟ್ ಸಿಯೆನ್ನಾ), ಅಲ್ಟ್ರಾಮರೀನ್ ನೀಲಿ, ಒಂದು ನಿಂಬೆ ಹಳದಿ, ಒಂದು ಕೆಂಪು. ಆರು ಸಾಕು.
• ಚಿತ್ರಕಲೆಗೆಂದೇ ಮಾರುವ ಅಗಸೆ ಎಣ್ಣೆ, ಒಂದು ಸಣ್ಣ ಶೀಶೆ.
• ಗಡುಸು ಕೂದಲಿನ ಕುಂಚ ನಾಲ್ಕು, ಬಣ್ಣ ಕಲಸುವ ಚೂರಿ ಒಂದು.
• ಕ್ಯಾನ್ವಾಸ್ ಬೋರ್ಡ್. ಇಲ್ಲವೇ ಹಾರ್ಡ್‌ಬೋರ್ಡಿನ ಮೇಲೆ ಮಂಜರಪಾಟು ಬಟ್ಟೆ ಅಂಟಿಸಿ, ಅಕ್ರಿಲಿಕ್ ಜೆಸ್ಸೋ ಎರಡು-ಮೂರು ಸಲ ಬಳಿದು ಒಣಗಿಸಿದ್ದು. ಬರಿಯ ಬಟ್ಟೆಯ ಮೇಲೆ ಎಣ್ಣೆಬಣ್ಣ ಹಚ್ಚಿದರೆ ಬಟ್ಟೆ ಕ್ರಮೇಣ ಕೊಳೆಯುತ್ತದೆ.
• ಬಣ್ಣ ಕಲಸಲು ಉಳಿದ ಒಂದು ಬಿಳಿ ಟೈಲ್ಸ್, ಅಥವಾ ಅಡಿಗೆ ಬಿಳಿ ಕಾಗದವಿಟ್ಟ ಗಾಜು.
• ಹಳೆಯ ಹತ್ತಿ ಬಟ್ಟೆಯ ಚೂರುಗಳು, ಹಳೆಯ ಪತ್ರಿಕೆಗಳು.
• ಕುಂಚ ತೊಳೆಯಲು ಸ್ವಲ್ಪ ಶೇಂಗಾ ಎಣ್ಣೆ, ಒಂದು ತುಂಡು ಬಟ್ಟೆ ಸೋಪು.
• ಮುಚ್ಚಳವಿರುವ ತಗಡಿನ ಡಬ್ಬಿ. ಇದರ ಉಪಯೋಗ ಮುಂದೆ ಹೇಳುತ್ತೇನೆ.

ಒಂದು ಸಲ ಬಣ್ಣಕ್ಕೆ ಬಳಸಿದ ತಟ್ಟೆ, ಬಟ್ಟಲು, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ಅವಕ್ಕೊಂದು ಗುರುತು ಮಾಡಿ ಬೇರೆ ಪೆಟ್ಟಿಗೆಯಲ್ಲಿಡಿ.

ಟ್ಯೂಬು ಕೊಳ್ಳುವಾಗ ಕಣ್ಣಿಟ್ಟು ಓದಿ

ಥಿನ್ನರ್ ಬಿಟ್ಟ ಮಾತ್ರಕ್ಕೆ ಎಲ್ಲ ಬಣ್ಣವೂ ನಿರಪಾಯವಾಗುವುದಿಲ್ಲ. ಕೆಲವು ಬಣ್ಣದ ಪುಡಿಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಇರುತ್ತವೆ. ಸೀಸ ಸ್ವಲ್ಪ ಸ್ವಲ್ಪವಾಗಿ ಮೈಸೇರಿದರೂ ಬೆಳೆಯುವ ಮಕ್ಕಳ ಬುದ್ಧಿಗೆ ಕುಂದು ತರುತ್ತದೆ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂದು ನಮ್ಮ ಸರಕಾರ 2016ರಲ್ಲಿ ನಿಯಮ ಮಾಡಿ 2017ರ ನವೆಂಬರಿನಿಂದ ಜಾರಿಗೆ ತಂದದ್ದೂ ಇದಕ್ಕೇ.

ಒಳ್ಳೆಯ ಟ್ಯೂಬಿನ ಮೇಲೆ ಬಣ್ಣದ ಸಂಕೇತ ಅಚ್ಚಾಗಿರುತ್ತದೆ. ಬಿಳಿಯಲ್ಲಿ ‘ಪಿಡಬ್ಲ್ಯೂ 6’ ಎಂದರೆ ಟೈಟೇನಿಯಂ, ‘ಪಿಡಬ್ಲ್ಯೂ 4’ ಎಂದರೆ ಸತುವು, ಎರಡನ್ನೂ ತರಬಹುದು. ‘ಪಿಡಬ್ಲ್ಯೂ 1’ ಎಂದರೆ ಸೀಸ, ಬೇಡ. ಹಳದಿಯಲ್ಲಿ ‘ಪಿವೈ 34’, ಕೆಂಪಿನಲ್ಲಿ ‘ಪಿಆರ್ 104’ ಇದ್ದರೆ ಅವೂ ಸೀಸದವೇ. ‘ಪಿಆರ್ 106’ ಪಾದರಸದ ಇಂಗುಲೀಕ. ಕ್ಯಾಡ್ಮಿಯಂ ಹಳದಿ ಬೇಕೆನಿಸಿದರೆ ಹೆಸರಿನ ಕೊನೆಗೆ ‘ಹ್ಯೂ’ ಎಂದಿರುವುದನ್ನು ತನ್ನಿ. ಅದು ಅದೇ ಛಾಯೆ ಕೊಡುವ ಬೇರೆ ಪುಡಿ. ಸಂಕೇತವೂ ಇಲ್ಲ, ಹೆಸರೂ ಇಲ್ಲ ಎಂಬ ಟ್ಯೂಬು ಎಷ್ಟೇ ಅಗ್ಗವಾಗಿದ್ದರೂ ಅಂಗಡಿಯಲ್ಲೇ ಇರಲಿ.

ಒಣ ಬಣ್ಣದ ಪುಡಿ ತಂದು ಮನೆಯಲ್ಲಿ ಎಣ್ಣೆ ಹಾಕಿ ಅರೆಯುವ ಗೊಡವೆ ಬೇಡ. ಹಾರುವ ಧೂಳು ಉಸಿರಿಗೆ ಹೋಗುತ್ತದೆ. ಕಿಟಕಿ-ಬಾಗಿಲಿಗೆ ಬಳಿಯುವ ಎನಾಮಲ್ ಪೇಂಟೂ ಬೇಡ. ಟರ್ಪಂಟೈನ್ ಜಾತಿಯ ದ್ರವ ಅದರೊಳಗೇ ಇರುತ್ತದೆ.

ಬರೆಯುವ ಕ್ರಮ

ಮೊದಲ ಚಿತ್ರಕ್ಕೆ ಗೋಳಗುಮ್ಮಟ ಬೇಡ, ಬಸವಣ್ಣನವರ ಮುಖವೂ ಬೇಡ. ಹಿತ್ತಾಳೆ ತಟ್ಟೆಯಲ್ಲಿ ಮೂರು ಲಿಂಬೆಹಣ್ಣು ಇಡಿ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆಯಲ್ಲ, ಚಿತ್ರದಲ್ಲೂ ಅದಕ್ಕೊಂದು ಮರ್ಯಾದೆ ಆಗಲಿ! ದುಂಡು ಆಕಾರ, ಒಂದೇ ಬಣ್ಣ, ಒಂದು ಕಡೆ ಬೆಳಕು, ಒಂದು ಕಡೆ ನೆರಳು. ಕಲಿಯುವ ಕೈಗೆ ಇದಕ್ಕಿಂತ ಒಳ್ಳೆಯದಿಲ್ಲ.

ಪಡಸಾಲೆಯಲ್ಲೋ ಕಿಟಕಿಯ ಪಕ್ಕದಲ್ಲೋ ಕೂತುಕೊಳ್ಳಿ. ಎದುರುಬದುರು ಬಾಗಿಲು-ಕಿಟಕಿ ತೆರೆದಿರಲಿ. ಮೇಲಿನ ಫ್ಯಾನು ಒಳಗಿನ ಗಾಳಿಯನ್ನೇ ತಿರುವಿಹಾಕುತ್ತದೆ, ಹೊಸ ಗಾಳಿ ತರುವುದಿಲ್ಲ.

1. ಪೆನ್ಸಿಲಿನಿಂದ ತೆಳ್ಳಗೆ ರೇಖೆ ಎಳೆದುಕೊಳ್ಳಿ.

2. ಮೊದಲ ಪದರಕ್ಕೆ ಕೆಮ್ಮಣ್ಣಿನ ಬಣ್ಣವನ್ನು ಟ್ಯೂಬಿನಿಂದ ಬಂದ ಹಾಗೆಯೇ, ಎಣ್ಣೆ ಸೇರಿಸದೆ, ಚೂರೇ ಚೂರು ಕುಂಚಕ್ಕೆ ತೆಗೆದುಕೊಳ್ಳಿ. ಸಾರಿಸಿದ ಹಾಗೆ ತಿಕ್ಕಿ ತಿಕ್ಕಿ ಹಚ್ಚಿ. ಬೆಳಕು ಬೇಕಾದ ಕಡೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಥಿನ್ನರ್ ಹಾಕಿ ತೆಳು ಮಾಡುತ್ತಿದ್ದ ಕೆಲಸ ಇಲ್ಲಿ ತಿಕ್ಕುವುದರಿಂದ, ಒರೆಸುವುದರಿಂದ ಆಗುತ್ತದೆ. ಬೇಗ ಆಗಬೇಕೆಂದರೆ ಈ ಪದರವನ್ನು ಅಕ್ರಿಲಿಕ್ ಬಣ್ಣದಲ್ಲಿ ನೀರು ಬೆರೆಸಿಯೂ ಹಾಕಬಹುದು. ಅಕ್ರಿಲಿಕ್ ಕೆಳಗೆ, ಎಣ್ಣೆಬಣ್ಣ ಮೇಲೆ ಎಂಬುದು ನೆನಪಿರಲಿ. ತಿರುಗುಮುರುಗಾದರೆ ಬಣ್ಣ ಕಳಚಿ ಬೀಳುತ್ತದೆ.

3. ಅದು ಕೈಗೆ ಅಂಟದಷ್ಟು ಒಣಗಲಿ. ತೆಳುವಾಗಿದ್ದರೆ ಎರಡು-ಮೂರು ದಿನ, ದಪ್ಪವಾಗಿದ್ದರೆ ಒಂದು ವಾರ ಅಥವಾ ಇನ್ನೂ ಹೆಚ್ಚು.

4. ಎರಡನೆಯ ಪದರಕ್ಕೆ ಬೆರಳತುದಿಯಷ್ಟು ಬಣ್ಣಕ್ಕೆ ಒಂದು ಹನಿ ಅಗಸೆ ಎಣ್ಣೆ ಸೇರಿಸಿ ಚೂರಿಯಿಂದ ಕಲಸಿ. ಬಣ್ಣ ಬೆಣ್ಣೆಯಂತೆ ಜಾರುತ್ತದೆ. ನೆರಳನ್ನು ಮೊದಲು, ಬೆಳಕನ್ನು ಆಮೇಲೆ ಹಚ್ಚಿ. ಕೊನೆಯ ಪದರಕ್ಕೆ ಇನ್ನೊಂದು ಹನಿ ಸೇರಿಸಬಹುದು.

ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಮೇಲೆ ಹೋದಂತೆ ತುಸು ಹೆಚ್ಚು. ಇದು ತೈಲಚಿತ್ರದ ಮೂಲ ನಿಯಮ. ಹೆಚ್ಚು ಎಣ್ಣೆಯ ಪದರ ನಿಧಾನವಾಗಿ ಒಣಗುತ್ತದೆ. ಅದು ಕೆಳಗಿದ್ದು, ಬೇಗ ಒಣಗುವ ಪದರ ಮೇಲಿದ್ದರೆ ಮುಂದೆ ಬಿರುಕು ಬೀಳುತ್ತದೆ. ಹಾಗೆಂದು ಎಣ್ಣೆ ಸುರಿಯಬೇಡಿ. ಅತಿಯಾದರೆ ಬಣ್ಣ ಸುಕ್ಕುಗಟ್ಟಿ ಹಳದಿಗೆ ತಿರುಗುತ್ತದೆ.

ಕುಂಚ ತೊಳೆಯುವುದೇ ಕಷ್ಟವೆನಿಸುವವರಿಗೆ ಎರಡು ಉಪಾಯ. ಹಳದಿಗೊಂದು, ನೀಲಿಗೊಂದು, ಬಿಳಿಗೊಂದು ಎಂದು ಬೇರೆ ಬೇರೆ ಕುಂಚ ಇಟ್ಟುಕೊಂಡರೆ ನಡುನಡುವೆ ತೊಳೆಯಬೇಕಿಲ್ಲ. ಚೂರಿಯಿಂದಲೇ ಬಣ್ಣ ಹಚ್ಚಿದರೆ ಒರೆಸಿಟ್ಟರಾಯಿತು.

ಕುಂಚ ತೊಳೆಯುವ ಬಗೆ

ಮೊದಲು ಕುಂಚವನ್ನು ಹಳೆಯ ಪತ್ರಿಕೆಯಲ್ಲಿ ಹಿಡಿದು ಹಿಂಡಿ, ಬಟ್ಟೆಯಿಂದ ಒರೆಸಿ. ಮುಕ್ಕಾಲು ಬಣ್ಣ ಇದರಲ್ಲೇ ಹೋಗುತ್ತದೆ. ಆಮೇಲೆ ಸ್ವಲ್ಪ ಶೇಂಗಾ ಎಣ್ಣೆಯಲ್ಲಿ ಅದ್ದಿ ಚೆನ್ನಾಗಿ ಆಡಿಸಿ ಮತ್ತೆ ಒರೆಸಿ. ಬಟ್ಟೆಗೆ ಬಣ್ಣ ಬಾರದಿರುವವರೆಗೆ ಎರಡು-ಮೂರು ಸಲ ಹೀಗೆ ಮಾಡಿ. ನಂತರ ಉಗುರುಬೆಚ್ಚಗಿನ ನೀರು ತೋರಿಸಿ ಬಟ್ಟೆ ಸೋಪಿನ ಮೇಲೆ ಉಜ್ಜಿ, ನೊರೆ ಬಿಳಿಯಾಗುವವರೆಗೆ ತೊಳೆಯಿರಿ. ಶೇಂಗಾ ಎಣ್ಣೆ ಒಣಗದ ಎಣ್ಣೆಯೆಂದು ಮೇಲೆ ಹೇಳಿದೆನಲ್ಲ, ಅದರ ಜಿಡ್ಡು ಕುಂಚದಲ್ಲಿ ಉಳಿದರೆ ನಾಳಿನ ಬಣ್ಣ ಒಣಗಲು ತಡಮಾಡುತ್ತದೆ. ಅದಕ್ಕೇ ಸೋಪಿನ ಕೆಲಸದಲ್ಲಿ ಅವಸರ ಬೇಡ. ತುದಿಯನ್ನು ಬೆರಳಿನಿಂದ ಚೂಪು ಮಾಡಿ ಮಲಗಿಸಿ ಒಣಗಿಸಿ. ಬಾಯಿಯಿಂದ ಚೂಪು ಮಾಡುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಕೈಗೆ ಅಂಟಿದ ಬಣ್ಣಕ್ಕೂ ಇದೇ ಮದ್ದು. ಶೇಂಗಾ ಅಥವಾ ಕೊಬ್ಬರಿ ಎಣ್ಣೆ ಸವರಿ ಒರೆಸಿ, ಕಡಲೆಹಿಟ್ಟು ಇಲ್ಲವೇ ಸೋಪು ಹಚ್ಚಿ ತೊಳೆಯಿರಿ. ಉಗುರಿನ ಸಂದಿ ಮರೆಯಬೇಡಿ. ಅದೇ ಕೈಯಿಂದ ಸಂಜೆ ರೊಟ್ಟಿ ಬಡಿಯಬೇಕಲ್ಲವೇ? ಬಣ್ಣ ಹಚ್ಚುವಾಗ ಪಕ್ಕದಲ್ಲಿ ಚಹಾ, ಚುರುಮುರಿ ಇಟ್ಟುಕೊಳ್ಳಬೇಡಿ.

ತೊಳೆದ ನೀರನ್ನು ಪಾತ್ರೆ ತೊಳೆಯುವ ಜಾಗದಲ್ಲಿ ಚೆಲ್ಲಬೇಡಿ, ಹಿತ್ತಲಿನ ಕಾಯಿಪಲ್ಲೆ ಮಡಿಗೂ ಹಾಕಬೇಡಿ. ಒಂದು ಡಬ್ಬಿಯಲ್ಲಿ ಒಂದು ದಿನ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರನ್ನು ಬಚ್ಚಲಿಗೆ ಬಿಟ್ಟು, ಕೆಳಗಿನ ರಾಡಿಯನ್ನು ಪತ್ರಿಕೆಯ ಮೇಲೆ ಒಣಗಿಸಿ ಕಸಕ್ಕೆ ಹಾಕಿ.

ಈ ಮಾತನ್ನು ಎರಡು ಸಲ ಓದಿ

ಥಿನ್ನರ್ ಬಿಟ್ಟರೂ ಬೆಂಕಿಯ ಭಯ ಪೂರ್ತಿ ಹೋಗುವುದಿಲ್ಲ. ಅಗಸೆ ಎಣ್ಣೆ ಗಾಳಿಯನ್ನು ಹೀರಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಚಿತ್ರದ ಮೇಲೆ ತೆಳುವಾಗಿ ಹರಡಿದಾಗ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಆದರೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಒಳಗೇ ಕೂಡಿ ಕೂಡಿ, ಕಡ್ಡಿ ಗೀರದೆಯೇ ಬಟ್ಟೆ ಹೊತ್ತಿಕೊಳ್ಳಬಹುದು. ಹಸಿ ಮೇವಿನ ಬಣವೆ ಒಳಗೊಳಗೇ ಕಾಯುವುದನ್ನು ಹೊಲಮನೆಯವರು ಬಲ್ಲಿರಿ. ಇದೂ ಹಾಗೆ ಒಳಗಿನಿಂದಲೇ ಏಳುವ ಕಾವು.

ಇದು ಹೆದರಿಸುವ ಕಥೆಯಲ್ಲ. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿತ್ತು. 22ನೇ ಮಹಡಿಯಲ್ಲಿ ಕೆಲಸದವರು ಬಿಟ್ಟುಹೋಗಿದ್ದ ಅಗಸೆ ಎಣ್ಣೆಯ ಬಟ್ಟೆಗಳೇ ಅದಕ್ಕೆ ಕಾರಣ. ಬೆಂಕಿ ಆರಿಸಲು ಹೋದವರಲ್ಲಿ ಮೂವರು ಪ್ರಾಣ ಕಳೆದುಕೊಂಡರು.

ಹೀಗಾಗಿ ಕೆಲಸ ಮುಗಿದ ಕೂಡಲೇ ಎಣ್ಣೆಬಟ್ಟೆಗಳನ್ನು ಆ ತಗಡಿನ ಡಬ್ಬಿಗೆ ಹಾಕಿ, ಮುಳುಗುವಷ್ಟು ನೀರು ಸುರಿದು, ಮುಚ್ಚಳ ಮುಚ್ಚಿ. ಇಲ್ಲವಾದರೆ ಅಂಗಳದಲ್ಲಿ ನೆರಳಿನ ಕಡೆ ಕಲ್ಲಿನ ಮೇಲೆ ಒಂದೊಂದನ್ನೇ ಬಿಡಿಸಿ ಹರಡಿ. ಒಂದರ ಮೇಲೊಂದು ಬೀಳಬಾರದು. ಪೂರ್ತಿ ಒಣಗಿ ಬಿರುಸಾದ ಮೇಲೆ ಕಸಕ್ಕೆ ಹಾಕಬಹುದು. ಬಣ್ಣ ಒರೆಸಿದ ಪತ್ರಿಕೆಗಳಿಗೂ ಇದೇ ನಿಯಮ. ಕುಸುಬೆ ಎಣ್ಣೆಯೂ ಒಣಗುವ ಜಾತಿಯದೇ ಆದ್ದರಿಂದ ಅದರ ಬಟ್ಟೆಗಳನ್ನೂ ಹೀಗೆಯೇ ನೋಡಿಕೊಳ್ಳಿ. ಬೇಸಿಗೆಯಲ್ಲಂತೂ ಇದನ್ನು “ನಾಳೆ ಮಾಡಿದರಾಯಿತು” ಎನ್ನಬೇಡಿ.

ನೀವು ಕೇಳಿದ್ದು

ಗಾಣದ ಅಗಸೆ ಎಣ್ಣೆ, ಮನೆಯ ಕುಸುಬೆ ಎಣ್ಣೆಯನ್ನೇ ಬಣ್ಣಕ್ಕೆ ಬೆರೆಸಬಹುದೇ?

ಪರೀಕ್ಷಿಸಿ ನೋಡಿ. ಒಂದು ಗಾಜಿನ ಚೂರಿನ ಮೇಲೆ ಒಂದು ಹನಿ ತೆಳುವಾಗಿ ಸವರಿ, ಬೆಳಕಿರುವ ಕಡೆ ಇಡಿ. ಅಗಸೆಯದು ಒಂದು ವಾರ, ಹತ್ತು ದಿನದಲ್ಲಿ ಗಟ್ಟಿಯಾದರೆ ಅಭ್ಯಾಸದ ಚಿತ್ರಗಳಿಗೆ ಆಗಬಹುದು. ಕುಸುಬೆಯದು ಇನ್ನೂ ನಿಧಾನ. ಆದರೆ ಅಗಸೆಯಷ್ಟು ಹಳದಿಯಾಗುವುದಿಲ್ಲ, ಹಾಗಾಗಿ ಮೇಲಿನ ಬಿಳಿ-ನೀಲಿಗಳಿಗೆ ಒಪ್ಪುತ್ತದೆ. ಅಂಗಡಿಯ ಪಾಕೀಟಿನ ಎಣ್ಣೆ ಬೇಡ. ಕೆಡದಿರಲಿ ಎಂದು ಅದಕ್ಕೆ ಸೇರಿಸುವ ಪದಾರ್ಥಗಳು ಒಣಗುವುದನ್ನು ತಡೆಯುತ್ತವೆ. ಉಳಿಸಿಕೊಳ್ಳಬೇಕೆಂಬ ಚಿತ್ರಕ್ಕೆ ಚಿತ್ರಕಲೆಯ ಶುದ್ಧ ಎಣ್ಣೆಯೇ ಒಳ್ಳೆಯದು.

ನೀರಿಗೆ ಬೆರೆಯುವ ಎಣ್ಣೆಬಣ್ಣ ಇದೆಯಂತೆ, ನಿಜವೇ?

ನಿಜ. ಎಣ್ಣೆಯ ಗುಣ ಮಾರ್ಪಡಿಸಿ ಮಾಡಿದ ಬಣ್ಣ. 1990ರ ದಶಕದಲ್ಲಿ ಹೊರದೇಶಗಳಲ್ಲಿ ಪ್ರಚಾರಕ್ಕೆ ಬಂತು. ನೀರಿನಿಂದಲೇ ತೆಳು ಮಾಡಬಹುದು, ಸೋಪು-ನೀರಿನಲ್ಲೇ ಕುಂಚ ತೊಳೆಯಬಹುದು. ನಮ್ಮ ಊರಿನ ಅಂಗಡಿಯಲ್ಲಿ ಕಾಣದಿದ್ದರೆ ಅಂಚೆಯಲ್ಲಿ ತರಿಸಿಕೊಳ್ಳಬೇಕಾದೀತು. ಬೆಲೆಯೂ ತುಸು ಹೆಚ್ಚು. ಮನೆಯಲ್ಲಿ ಕೂಸು ಇರುವವರಿಗೆ ಅನುಕೂಲ.

ಮಗಳು ಬಸುರಿ. ಹೊತ್ತು ಹೋಗಲೆಂದು ಚಿತ್ರ ಬರೆಯುತ್ತಾಳೆ. ನಡೆಯುತ್ತದೆಯೇ?

ಥಿನ್ನರ್, ಟರ್ಪಂಟೈನ್ ಹತ್ತಿರ ಸುಳಿಯಬಾರದು. ಸೀಸ, ಕ್ಯಾಡ್ಮಿಯಂ ಬಣ್ಣಗಳೂ ಬೇಡ. ಈ ದಿನಗಳಲ್ಲಿ ನೀರಿನ ಬಣ್ಣವೇ ನಿಶ್ಚಿಂತೆ. ಎಣ್ಣೆಬಣ್ಣವೇ ಬೇಕೆಂದರೆ ತೋರಿಸಿಕೊಳ್ಳುವ ಡಾಕ್ಟರರನ್ನು ಒಂದು ಮಾತು ಕೇಳಿ, ಕೈಗವಸು ಹಾಕಿ, ಗಾಳಿಯಾಡುವ ಪಡಸಾಲೆಯಲ್ಲಿ ಕೂತು ಬರೆಯಲಿ. ಹಾಲೂಡಿಸುವ ತಾಯಂದಿರಿಗೂ ಇದೇ ಸಲಹೆ.

ಚಿತ್ರ ಬೇಗ ಒಣಗಲೆಂದು ಬಿಸಿಲಿಗೆ ಇಡಬಹುದೇ?

ಸುಡುಬಿಸಿಲು ಬೇಡ, ಒಲೆಯ ಹತ್ತಿರವಂತೂ ಬೇಡವೇ ಬೇಡ. ಬೆಳಕು-ಗಾಳಿ ಇರುವ ನೆರಳು ಸಾಕು. ಧೂಳಿನ ಕಾಲದಲ್ಲಿ ಮುಖ ಗೋಡೆಯ ಕಡೆ ಮಾಡಿ ಓರೆಯಾಗಿ ನಿಲ್ಲಿಸಿ. ಬಟ್ಟೆ ಸುತ್ತಿ ಕತ್ತಲಲ್ಲಿಟ್ಟರೆ ಎಣ್ಣೆ ಹಳದಿಯಾಗುತ್ತದೆ. ವಾರ್ನಿಶ್ ಅವಸರ ಬೇಡ. ಅದರಲ್ಲೂ ಸಾಮಾನ್ಯವಾಗಿ ಅದೇ ದ್ರವಗಳಿರುತ್ತವೆ. ವಾರ್ನಿಶ್ ಇಲ್ಲದೆಯೂ ಚಿತ್ರ ಗೋಡೆಗೇರಬಹುದು.

ಮನೆಯಲ್ಲಿ ಉಳಿದಿರುವ ಥಿನ್ನರ್ ಏನು ಮಾಡಲಿ?

ಗಟಾರಕ್ಕೂ ಬಾವಿಯ ಬದಿಗೂ ಚೆಲ್ಲಬೇಡಿ, ಒಲೆಗೆ ಹಾಕುವ ಸಾಹಸ ಬೇಡ. ಮುಚ್ಚಳ ಬಿಗಿ ಮಾಡಿ, ಮೇಲೆ ಹೆಸರು ಬರೆದು, ಮನೆಗಳಿಗೆ ಬಣ್ಣ ಬಳಿಯುವ ಗುರುತಿನವರಿಗೆ ಕೊಟ್ಟುಬಿಡಿ. ಬಯಲಲ್ಲಿ ಕೆಲಸ ಮಾಡುವಾಗ ಬಳಸಲು ಹೇಳಿ.

ಇನ್ನೊಂದು ಮಾತು. ವಿಜಯಪುರದಿಂದ ಸಿಂದಗಿ ಕಡೆಗೆ ಬರುವಾಗ ಕುಮಟಗಿಯಲ್ಲಿ ಆದಿಲಶಾಹಿ ಕಾಲದ ಜಲಮಂದಿರಗಳಿವೆ. ಅಲ್ಲಿನ ಗೋಡೆಗಳ ಮೇಲೆ ಕುದುರೆ ಸವಾರರ, ವಾದ್ಯ ನುಡಿಸುವವರ ಮಾಸಿದ ಚಿತ್ರಗಳಿವೆ. ಮಕ್ಕಳನ್ನು ಕರೆದುಕೊಂಡು ಒಂದು ದಿನ ಹೋಗಿ ನೋಡಿ ಬನ್ನಿ. ಅವು ತೈಲಚಿತ್ರಗಳಲ್ಲ, ಆದರೆ ಮಾಸಿದ ಬಣ್ಣದಲ್ಲೂ ಬೆರಗಿದೆ. ಅತ್ತೆಯವರೂ ಜೊತೆಗೆ ಬಂದರೆ, ಅಟ್ಟದ ಮೇಲಿನ ಪೆಟ್ಟಿಗೆಯ ಮಾತನ್ನು ದಾರಿಯಲ್ಲೇ ತೆಗೆಯಬಹುದು.

ಮೂರು ಲಿಂಬೆಹಣ್ಣಿನ ಚಿತ್ರ ಮುಗಿದ ಮೇಲೆ ಹೇಗೆ ಬಂತೆಂದು ಬರೆಯಿರಿ. ಬಣ್ಣ ಒಣಗಲು ಎಷ್ಟು ದಿನ ಹಿಡಿಯಿತು, ಕುಂಚ ಎಷ್ಟು ಸಲೀಸಾಗಿ ತೊಳೆಯಿತು ಎಂಬುದನ್ನೂ ತಿಳಿಸಿ. ನಿಮ್ಮ ಅನುಭವ ಇನ್ನೊಬ್ಬ ತಂಗಿಗೆ ಉಪಯೋಗಕ್ಕೆ ಬರುತ್ತದೆ.